ಚಿಗಟ ಯಾರ ಮನೆಯದು

ನಂಬದೇ ಇರುವುದೇ ನನ್ನ ಕೆಲಸ. ಚಾಮರಾಜನಗರದ ಕಚೇರಿಯೊಂದರಲ್ಲಿ ಜನ ತಂದುಕೊಡುವ ಅರ್ಜಿಗಳ ದಾಖಲೆಗಳನ್ನು ಪರಿಶೀಲಿಸುವ ಮೇಜು ನನ್ನದು. ಒಂದು ಕಾಗದದಲ್ಲಿ ಅಪ್ಪನ ಹೆಸರು ಒಂದು ಥರ ಇದ್ದರೆ ಇನ್ನೊಂದರಲ್ಲಿ ಇನ್ನೊಂದು ಥರ ಇರುತ್ತದೆ. ಇಪ್ಪತ್ತು ವರ್ಷ ‘ಮೂಲ ಪ್ರತಿ ಎಲ್ಲಿ?’ ಎಂದು ಕೇಳಿ ಕೇಳಿ ಅದೇ ಸ್ವಭಾವವಾಗಿಬಿಟ್ಟಿದೆ. ತರಕಾರಿಯವನು ಬೆಂಡೆಕಾಯಿ ಎಳೆಯದು ಅಂದರೆ ತುದಿ ಮುರಿದು ನೋಡುತ್ತೇನೆ. ಮಗಳು ಹೊಟ್ಟೆನೋವು ಅಂದರೆ ಅವತ್ತು ಶಾಲೆಯಲ್ಲಿ ಯಾವ ಪರೀಕ್ಷೆ ಇದೆ ಎಂದು ಮೊದಲು ವಿಚಾರಿಸುತ್ತೇನೆ. ನನ್ನನ್ನು ಯಾರೂ ಯಾಮಾರಿಸಲಾರರು ಎಂದು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದವಳು ನಾನು.

ನಮ್ಮ ಮನೆ ಇರುವುದು ಗುಂಡ್ಲುಪೇಟೆಯಲ್ಲಿ. ಗಂಡ ನಮ್ಮ ತಾಲ್ಲೂಕಿನದೇ ಮದ್ದೂರು ವಲಯದಲ್ಲಿ ಫಾರೆಸ್ಟ್ ಗಾರ್ಡ್. ವಾರವೆಲ್ಲ ಕಾಡಿನಲ್ಲಿದ್ದು ರಜೆ ಸಿಕ್ಕ ದಿನ ಮನೆಗೆ ಬರುತ್ತಾರೆ. ನಾನು ದಿನಾ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ ಬರುತ್ತೇನೆ. ಸಂಜೆ ನಾನು ಬರುವ ತನಕ ಮಗಳು ಇರುವುದು ಪಕ್ಕದ ಮನೆಯಲ್ಲೇ. ಆ ಮನೆಯ ಯಜಮಾನರು ಮರಗೆಲಸದವರು, ಹಿತ್ತಲಲ್ಲೇ ಶೆಡ್ಡು ಹಾಕಿಕೊಂಡು ಬಾಗಿಲು, ಮಂಚ ಮಾಡುತ್ತಾರೆ. ಅವರ ಹೆಂಡತಿಯನ್ನು ನಾನು ಆಪಾ ಅನ್ನುತ್ತೇನೆ, ಅವರು ನನ್ನನ್ನು ಅಕ್ಕ ಅನ್ನುತ್ತಾರೆ. ಇಬ್ಬರಲ್ಲಿ ಯಾರು ದೊಡ್ಡವರು ಎಂದು ಇವತ್ತಿಗೂ ಇತ್ಯರ್ಥವಾಗಿಲ್ಲ. ಅವರ ಮಗಳು, ನಮ್ಮ ಮಗಳು ಇಬ್ಬರಿಗೂ ಹನ್ನೆರಡು ವರ್ಷ, ಒಂದೇ ಶಾಲೆ, ಒಂದೇ ಬೆಂಚು.

ಈ ಇಬ್ಬರೂ ಸೇರಿಕೊಂಡು ಹ್ಯಾಮ್‌ಸ್ಟರ್ ಬೇಕು ಎಂದು ಹಟ ಹಿಡಿದರು. ಫೋನಿನಲ್ಲಿ ಯಾವುದೋ ವಿಡಿಯೋ ನೋಡಿದ್ದರು. ಚಾಮರಾಜನಗರದ ಬಣ್ಣದ ಮೀನಿನ ಅಂಗಡಿಯಿಂದ ನಾನೇ ತಂದುಕೊಟ್ಟೆ. ಇಲಿಯ ಜಾತಿಯದೇ, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಗೋಧಿ ಬಣ್ಣ, ಬಾಲ ಇದೆಯೋ ಇಲ್ಲವೋ ಅನ್ನುವಷ್ಟು. ಯಾರ ಮನೆಯಲ್ಲಿ ಇಡುವುದು ಎಂಬ ಜಗಳ ಹತ್ತಿದಾಗ ಆಪಾ ತೀರ್ಪು ಕೊಟ್ಟರು. ಒಂದು ವಾರ ಅವರ ಮನೆ, ಒಂದು ವಾರ ನಮ್ಮ ಮನೆ. ಭಾನುವಾರ ಸಂಜೆ ಪಂಜರ ಕಾಂಪೌಂಡು ದಾಟಬೇಕು. ಎರಡು ಮನೆಯಲ್ಲಿ ಅದಕ್ಕೆ ಎರಡು ಹೆಸರಿದ್ದವು. ಅದು ಯಾವ ಹೆಸರಿಗೂ ತಿರುಗಿ ನೋಡುತ್ತಿರಲಿಲ್ಲ. ಪಂಜರದೊಳಗೆ ಹಾಸುವುದಕ್ಕೆ ಆಪಾ ಮನೆಯ ಶೆಡ್ಡಿನಿಂದ ಮರದ ಹೊಟ್ಟು ಬರುತ್ತಿತ್ತು. ಆ ಹೊಟ್ಟಿನ ರಾಶಿಯ ಮೇಲೆ ಆ ಮನೆಯ ಬೆಕ್ಕು ಮಲಗುತ್ತಿತ್ತು. ಕಂದು ಪಟ್ಟೆಯ ಗಂಡು ಬೆಕ್ಕು. ಮರಿಯಾಗಿದ್ದಾಗ ಅದೇ ರಾಶಿಯಲ್ಲಿ ಸಿಕ್ಕಿತ್ತಂತೆ. ಆಪಾ ಮಗಳೇ ಹಾಲು ಹಾಕಿ ಸಾಕಿದ್ದಳು. ಅವಳು ಶಾಲೆಗೆ ಹೊರಟರೆ ತಿರುವಿನವರೆಗೂ ಹಿಂದೆಯೇ ಹೋಗುತ್ತಿತ್ತು.

ಡಿಸೆಂಬರ್ ಬಂತು. ನಮ್ಮ ಊರಿನ ಡಿಸೆಂಬರ್ ಅಂದರೆ ನೀಲಗಿರಿ ಕಡೆಯ ಗಾಳಿ ಬಾಗಿಲ ಸಂದಿಯಿಂದ ನುಗ್ಗುತ್ತದೆ. ಹ್ಯಾಮ್‌ಸ್ಟರ್ ಚಳಿಗೆ ಮುದುರಿ ಮಲಗಿಬಿಟ್ಟಿತು. ಸತ್ತೇ ಹೋಯಿತು ಎಂದು ಮಗಳು ಅತ್ತಳು. ಹರವೆ ಹತ್ತಿರದ ನನ್ನ ತವರಿಗೆ ಹೋಗಿದ್ದಾಗ ಅಮ್ಮನಿಗೆ ಹೇಳಿದೆ. ಅಮ್ಮ ಒಂದು ಕರಿ ಕಂಬಳಿ ಮಡಿಸಿ ಕೊಟ್ಟಳು. ‘ತಕ್ಕೊಂಡೋಗಿ ಒದಿಸು, ಮನ್ಸರಿಗಾಯ್ತದೆ, ಇಲಿಗಾಗಕ್ಕಿಲ್ವಾ’ ಅಂದಳು. ತಂದು, ನಮ್ಮ ವಾರದ ರಾತ್ರಿಗಳಲ್ಲಿ ಪಂಜರಕ್ಕೆ ಹೊದಿಸಲು ಇಟ್ಟುಕೊಂಡೆ.

ಮುಂದಿನ ಭಾನುವಾರ ಸಂಜೆ ಪಂಜರ ಬಂತು. ಮಂಗಳವಾರ ಬೆಳಿಗ್ಗೆ ಮಗಳು ಕೂಗಿದಳು. ಹ್ಯಾಮ್‌ಸ್ಟರ್ ಹಿಂಗಾಲಿನಲ್ಲಿ ಕಿವಿಯ ಹಿಂದೆ ಪರಪರ ಕೆರೆದುಕೊಳ್ಳುತ್ತಿತ್ತು. ಕತ್ತಿನ ಹತ್ತಿರ ಒಂದಿಷ್ಟು ಕೂದಲು ಉದುರಿ ಚರ್ಮ ಕೆಂಪಗೆ ಕಾಣುತ್ತಿತ್ತು. ಅಂಗೈಯಲ್ಲಿಟ್ಟುಕೊಂಡು ಕೂದಲು ಬಿಡಿಸಿ ನೋಡಿದೆ. ಎಳ್ಳಿಗಿಂತ ಸಣ್ಣ, ಕಂದು ಬಣ್ಣದ ಒಂದು ಹುಳ ಓಡಿತು. ಹಿಡಿಯಲು ಹೋದೆ, ಹಾರಿತು. ಹೇನಾದರೆ ಹಾರುವುದಿಲ್ಲ. ಚಿಗಟ.

ನನ್ನ ತಲೆ ತಕ್ಷಣ ಕಚೇರಿಯ ತಲೆಯಾಯಿತು. ಪಂಜರ ಎಲ್ಲಿಂದ ಬಂತು? ಅವರ ಮನೆಯಿಂದ. ಯಾವಾಗ? ಮೊನ್ನೆ. ಹೊಟ್ಟು ಯಾರದ್ದು? ಅವರದ್ದು. ಹೊಟ್ಟಿನ ಮೇಲೆ ಮಲಗುವವರು ಯಾರು? ಇನ್ನು ವಿಚಾರಣೆ ಏನಿದೆ!

ಆದರೂ ನ್ಯಾಯ ಬಿಡಬಾರದೆಂದು ಉಳಿದವರನ್ನೂ ಅನುಮಾನಿಸಿದೆ. ಮೀನಿನ ಅಂಗಡಿಯವನಿಗೆ ಫೋನ್ ಮಾಡಿ ದಬಾಯಿಸಿದೆ. ನಾಲ್ಕು ತಿಂಗಳ ಹಿಂದೆ ಕೊಟ್ಟದ್ದಕ್ಕೆ ಈಗ ಚಿಗಟ ಬಂದರೆ ನಾನೇನು ಮಾಡಲಿ ಮೇಡಂ ಎಂದು ಅವನು ಫೋನ್ ಇಟ್ಟ. ಗಂಡನ ಕಾಡಿನ ಬೂಟುಗಳನ್ನು ಹೊರಗೆಸೆದೆ. ಅವರು ರಜೆಗೆ ಬಂದವರು ಬರಿಗಾಲಲ್ಲಿ ಅಂಗಳದಲ್ಲಿ ನಿಂತು, ‘ಆನೆ ಬಂದ್ರೆ ಪಟಾಕಿ ಒಡ್ದು ಓಡಿಸ್ಬೋದು ಕಣಮ್ಮಿ, ನೀನು ಒಂದು ಚಿಗಟಕ್ಕೆ ಮನೆಯವ್ರನ್ನೆಲ್ಲ ಓಡಿಸ್ಬುಟ್ಟೀಯ’ ಅಂದರು. ಅವರ ಮಾತು ನನಗೆ ಹಿಡಿಸಲಿಲ್ಲ. ನನ್ನ ಕಣಕಾಲಿನ ಸುತ್ತ ಕೆಂಪು ದದ್ದು ಎದ್ದಿದ್ದವು. ಅದನ್ನು ಸೊಳ್ಳೆಯ ಲೆಕ್ಕಕ್ಕೆ ಹಾಕಿದ್ದೆ.

ಹ್ಯಾಮ್‌ಸ್ಟರನ್ನು ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟುಕೊಂಡು ಕಚೇರಿಗೆ ಹೋಗುವ ಬಸ್ಸಿನಲ್ಲೇ ಚಾಮರಾಜನಗರದ ಪಶು ಆಸ್ಪತ್ರೆಗೆ ಹೋದೆ. ಮುಂದೆ ಒಂದು ಸೀಮೆಹಸು, ಎರಡು ಆಡು ಇದ್ದವು. ನನ್ನ ಸರದಿ ಬಂದಾಗ ಡಾಕ್ಟರು ಡಬ್ಬಿಯೊಳಗೆ ಇಣುಕಿದರು.

‘ಇಲಿಗೆ ಔಷಧಿ ಕೇಳಿಕೊಂಡು ಬರೋರು ಬೇಕಾದಷ್ಟು ಜನ ಇದ್ದಾರೆ. ಇಲಿ ಬದುಕಲಿ ಅಂತ ಕೇಳಿದವರು ನೀವೇ ಮೊದಲು’ ಅಂದರು.

ಆದರೆ ಅದನ್ನು ಹಿಡಿದ ರೀತಿ ನೋಡಿದರೆ ಕೆಲಸ ಗೊತ್ತಿದ್ದವರು. ಚಿಗಟವೇ ಎಂದರು. ನಾನು ಆಗಲೇ ಅಣ್ಣನಿಗೆ ಫೋನ್ ಮಾಡಿ ದನದ ಉಣ್ಣಿಗೆ ಹಾಕುವ ಔಷಧಿ ತರಿಸುವ ಯೋಚನೆಯಲ್ಲಿದ್ದೆ. ಹೇಳಿದ ಕೂಡಲೇ ಅವರು ಕೈ ಅಡ್ಡ ಹಿಡಿದರು. ‘ಬೇಡಮ್ಮ. ದನದ್ದೂ ಬೇಡ, ನಾಯಿದೂ ಬೇಡ. ಚಿಗಟದ ಜೊತೆ ಇದೂ ಹೋಗುತ್ತೆ. ನೀರಲ್ಲಿ ಅದ್ದಿ ತೊಳೀಲೂಬೇಡಿ. ಹೇನಿನ ಬಾಚಣಿಗೆಯಲ್ಲಿ ಮೆಲ್ಲಗೆ ಬಾಚಿ ಸೋಪಿನ ನೀರಿಗೆ ಹಾಕಿ. ಹೊಟ್ಟು ಎಸೆದು ಕಾಗದದ ಚೂರು ಹಾಸಿ. ಇದರ ಮೈಮೇಲೆ ಸಿಗೋದು ನಾಲ್ಕೋ ಐದೋ. ಉಳಿದದ್ದೆಲ್ಲ ಸುತ್ತಮುತ್ತ ಹಾಸೋದರಲ್ಲಿ, ಹೊದಿಯೋದರಲ್ಲಿ ಇರುತ್ತೆ. ಮೊದಲು ಮೂಲ ಹುಡುಕಿ. ಮನೇಲಿ ನಾಯಿ, ಬೆಕ್ಕು ಏನಾದರೂ ಇದೆಯಾ?’

‘ಪಕ್ಕದ ಮನೇಲಿದೆ ಸರ್, ಬೆಕ್ಕು’ ಎಂದೆ, ಕಾಯುತ್ತಿದ್ದವಳ ಹಾಗೆ. ಅವರು ಅಷ್ಟು ವಿವರವಾಗಿ ಹೇಳಿದ್ದರಲ್ಲಿ ನಾನು ಕಿವಿಗೆ ಹಾಕಿಕೊಂಡದ್ದು ಬೆಕ್ಕು ಎನ್ನುವುದೊಂದನ್ನೇ.

ಅವತ್ತು ಸಂಜೆ ಕಾಂಪೌಂಡಿನ ಹತ್ತಿರ ಆಪಾ ಸಿಕ್ಕರು. ನಾನು ಜಗಳವಾಡಲಿಲ್ಲ, ಆಪಾದನೆಯನ್ನೂ ಮಾಡಲಿಲ್ಲ. ‘ಆಪಾ, ನಿಮ್ಮ ಬೆಕ್ಕು ಆ ಹೊಟ್ಟಿನ ಮೇಲೇ ಅಲ್ವಾ ಮಲಗೋದು?’ ಎಂದು ಕೇಳಿದೆ. ಅಷ್ಟೇ. ನಮ್ಮ ಕಚೇರಿಯಲ್ಲಿ ನಾವು ಹೀಗೇ ಕೇಳುವುದು. ಎದುರಿನವರ ಮುಖದ ಬಣ್ಣ ಹೋಗುವುದಕ್ಕೆ ಅಷ್ಟು ಸಾಕು.

‘ಹೌದು ಅಕ್ಕ’ ಅಂದರು. ಒಂದು ಕ್ಷಣ ನನ್ನನ್ನೇ ನೋಡಿದರು. ‘ಹೊಟ್ಟು ಬೇರೆ ಕಡೆಯಿಂದ ತರಿಸ್ಲಾ?’

‘ಬೇಡ, ಕಾಗದ ಹಾಸ್ತೀನಿ’ ಎಂದೆ. ‘ಕಾಗದವಾದರೆ ನಮ್ಮನೇದೇ ಇದೆ.’

ಆ ‘ನಮ್ಮನೇದೇ’ ಎಂಬ ಮಾತನ್ನು ಬೇಕೆಂದೇ ಒತ್ತಿ ಹೇಳಿದೆ. ಈಗ ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮಗಳಿಗೆ, ನಾನು ಬರುವ ತನಕ ಬಾಗಿಲು ಹಾಕಿಕೊಂಡು ಮನೆಯಲ್ಲೇ ಇರು, ಆ ಮನೆಗೆ ಹೋಗಬೇಡ ಎಂದೆ. ಭಾನುವಾರ ಬಂತು. ಪಂಜರ ದಾಟಿಸಬೇಕಾದ ದಿನ. ನಾನು ದಾಟಿಸಲಿಲ್ಲ. ಆ ಹುಡುಗಿ ಸೂರ್ಯಕಾಂತಿ ಬೀಜದ ಪೊಟ್ಟಣ ಹಿಡಿದು ಗೇಟಿನ ಆಚೆ ನಿಂತಿದ್ದಳು. ಗೇಟು ತೆಗೆಯದೆ ಒಳಗಿನಿಂದಲೇ, ‘ಟ್ರೀಟ್ಮೆಂಟ್ ನಡೀತಿದೆ ಪುಟ್ಟಿ, ಆಮೇಲೆ ನೋಡನ’ ಎಂದೆ. ಅವಳು ಪೊಟ್ಟಣವನ್ನು ಗೇಟಿನ ಕಂಬದ ಮೇಲಿಟ್ಟು ಹೋದಳು.

‘ಅಮ್ಮಾ, ಇದು ಅವರ ವಾರ’ ಅಂದಳು ಮಗಳು.

‘ಚಿಗಟಕ್ಕೆ ವಾರ ಗೊತ್ತಾಗುತ್ತಾ?’ ಎಂದು ಗದರಿದೆ. ಅವಳು ನನ್ನ ಜೊತೆ ಮಾತು ಬಿಟ್ಟಳು. ಇಬ್ಬರೂ ಬೆನ್ನು ತಿರುಗಿಸಿ ಕೂತು, ನಾನು ಹೇನಿನ ಬಾಚಣಿಗೆಯಲ್ಲಿ ಹ್ಯಾಮ್‌ಸ್ಟರನ್ನು ಬಾಚುತ್ತಿದ್ದೆ, ಅವಳು ಹೋಮ್‌ವರ್ಕ್ ಬರೆಯುತ್ತಿದ್ದಳು. ದಿನಕ್ಕೆ ಎರಡೋ ಮೂರೋ ಚಿಗಟ ಸಿಗುತ್ತಿದ್ದವು. ಬಾಚಿದಷ್ಟೂ ಬರುತ್ತಿದ್ದವು. ಪ್ರಾಣಿ ಇಳಿದುಹೋಗಿತ್ತು, ತಿನ್ನುವುದು ಬಿಟ್ಟು ಮೂಲೆ ಸೇರಿತ್ತು. ನನಗೂ ಹೆದರಿಕೆಯಾಯಿತು. ಚಳಿಯೂ ಸೇರಿ ಸತ್ತು ಹೋದರೆ ಎಂದು ಕಂಬಳಿಯನ್ನು ಎರಡು ಮಡಿಕೆ ಮಾಡಿ ಹೊದಿಸಿದೆ.

ಅದರ ಮರುದಿನದಿಂದ ಬೆಕ್ಕು ಕಾಣಲಿಲ್ಲ. ವಿಚಾರಿಸಿದೆ. ಮೈಸೂರು ದಾರಿಯ ಬೇಗೂರಿನಲ್ಲಿ ಆಪಾ ಅವರ ತಮ್ಮನ ಅಕ್ಕಿ ಅಂಗಡಿ ಇದೆ, ಅಲ್ಲಿಗೆ ಕಳಿಸಿದರಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದು ಒಳಗೊಳಗೇ ಖುಷಿಪಟ್ಟೆ. ತಪ್ಪಿಲ್ಲದಿದ್ದರೆ ಯಾಕೆ ಕಳಿಸಬೇಕು? ಒಪ್ಪಿಕೊಂಡ ಹಾಗಾಯಿತಲ್ಲ. ದೊಡ್ಡ ಮನಸ್ಸು ಮಾಡಿದವಳಂತೆ ಪಂಜರವನ್ನು ಸೋಪು ಹಾಕಿ ತೊಳೆದು, ಕಾಗದದ ಚೂರು ಹಾಸಿ, ನಾನೇ ಹೊತ್ತುಕೊಂಡು ಹೋಗಿ ಆಪಾ ಮನೆಯಲ್ಲಿ ಇಟ್ಟು ಬಂದೆ. ಮಗಳಿಗೂ ಹೋಗು ಎಂದೆ. ಹುಡುಗಿಯರಿಬ್ಬರೂ ಒಂದಾದರು.

ಆ ವಾರ ಅವರ ಮನೆಯಲ್ಲಿ ಬಾಚಿ ಬಾಚಿ ಎಲ್ಲ ತೆಗೆದರು. ಭಾನುವಾರ ಪಂಜರ ಬಂದಾಗ ಹ್ಯಾಮ್‌ಸ್ಟರ್ ಚಕ್ರದ ಮೇಲೆ ಓಡುತ್ತಿತ್ತು. ಕತ್ತಿನ ಹತ್ತಿರ ಹೊಸ ಕೂದಲು ಬರುತ್ತಿತ್ತು. ನಾನು ಅರ್ಧ ಗಂಟೆ ಕೂತು ಹುಡುಕಿದೆ, ಒಂದೂ ಚಿಗಟ ಸಿಗಲಿಲ್ಲ. ನೋಡಿದೆಯಾ, ಬೆಕ್ಕು ಹೋಯಿತು, ಚಿಗಟವೂ ಹೋಯಿತು ಎಂದು ಮಗಳಿಗೆ ಪಾಠ ಹೇಳಿದೆ. ಕಂಬಳಿ ಹೊದಿಸಿ ಮಲಗಿದೆ.

ಬುಧವಾರ ಅದು ಮತ್ತೆ ಕೆರೆದುಕೊಳ್ಳುತ್ತಿತ್ತು.

ಬೆಕ್ಕಿಲ್ಲ. ಹೊಟ್ಟಿಲ್ಲ. ಅವರ ಮನೆಯಿಂದ ಬಂದಾಗ ನಾನೇ ಕೈಯಾರೆ ಪರೀಕ್ಷಿಸಿ ತೆಗೆದುಕೊಂಡಿದ್ದೆ. ಆದರೂ ಸುಲಭವಾಗಿ ಬಿಡುವವಳಾ ನಾನು? ಬೆಕ್ಕನ್ನು ಕಳಿಸಿದ್ದೇವೆಂದು ಸುಳ್ಳು ಹೇಳಿ ಶೆಡ್ಡಿನಲ್ಲೇ ಕಟ್ಟಿಹಾಕಿಕೊಂಡಿದ್ದಾರೆಯೇ ಎಂದು ಮಹಡಿ ಹತ್ತಿ ಅವರ ಹಿತ್ತಲಿಗೆ ಇಣುಕಿ ನೋಡಿದೆ. ಬೆಕ್ಕಿರಲಿಲ್ಲ. ಹಾಲಿನ ತಟ್ಟೆ ಗೋಡೆಗೆ ಒರಗಿಸಿಟ್ಟಿತ್ತು. ಆ ಹುಡುಗಿ ಹೊಟ್ಟಿನ ರಾಶಿಯ ಪಕ್ಕ ಒಬ್ಬಳೇ ಕೂತಿದ್ದಳು. ಸುಮ್ಮನೆ ಇಳಿದು ಬಂದೆ. ಆಗ ಮೊದಲ ಸಲ ನನಗೆ ನನ್ನ ಮನೆಯ ಮೇಲೇ ಅನುಮಾನ ಬಂತು.

ಇನ್ನು ಬೇರೆ ದಾರಿ ಕಾಣದೆ ಅಣ್ಣನಿಗೆ ಫೋನ್ ಮಾಡಿದೆ, ಚಿಗಟಕ್ಕೆ ಊರ ಕಡೆ ಏನು ಮಾಡುತ್ತೀರಿ ಎಂದು.

‘ನಮ್ ನಾಯಿಗೂ ಅದೇ ಕಾಟ ಕಣಮ್ಮಿ’ ಅಂದ ಅಣ್ಣ. ‘ಮೈಯೆಲ್ಲ ಚಿಗಟ. ಹೊಲ ಕಾಯಕ್ಕೋದ್ರೆ ನಂಗೂ ಅತ್ಕೋತವೆ. ಅದ್ಕೇ ಹೊಲದ ಗುಡಿಸ್ಲಲ್ಲಿದ್ದ ಕಂಬಳೀನೂ ತಂದು ಮನೇಲಾಕ್ಬುಟ್ಟೆ. ದಿನಾ ಅದ್ರ ಮ್ಯಾಲೇ ಮಲಗ್ತಿತ್ತು ಆ ನಾಯಿ.’

‘ಯಾವ ಕಂಬಳಿ?’

‘ಕರೀದು. ಅವ್ವ ನಿಂಗೇ ಕೊಟ್ಟೆ ಅಂದ್ಲಲ್ಲ.’

ಫೋನ್ ಹಿಡಿದೇ ಪಂಜರದ ಕಡೆ ನೋಡಿದೆ. ನಮ್ಮ ಕಡೆ ಕಂಬಳಿಗೆ ಮೈಲಿಗೆಯಿಲ್ಲ. ಸೀರೆಗೆ, ಚಾಪೆಗೆ, ಮನುಷ್ಯರಿಗೂ ಮೈಲಿಗೆ ತಟ್ಟೀತು, ಕಂಬಳಿಗೆ ತಟ್ಟುವುದಿಲ್ಲ. ಪೂಜೆಗೂ ಅದನ್ನೇ ಹಾಸುತ್ತಾರೆ. ಆದ್ದರಿಂದ ಅದನ್ನು ಒಗೆಯುವವರೂ ಇಲ್ಲ, ಕೊಡವಿ ಬಿಸಿಲಿಗೆ ಹಾಕಿದರೆ ಮುಗಿಯಿತು. ಚಿಕ್ಕಂದಿನಿಂದ ಹಾಗೇ ಬೆಳೆದವಳು ನಾನು. ಗಂಡನ ಬೂಟು, ಅಂಗಡಿಯವನು, ಬೆಕ್ಕು, ಹೊಟ್ಟು ಎಲ್ಲವನ್ನೂ ಅನುಮಾನಿಸಿದೆ, ತವರಿನ ಕಂಬಳಿಯನ್ನು ಮಾತ್ರ ಬಿಡಿಸಿ ನೋಡಲಿಲ್ಲ. ಅಂಗಳಕ್ಕೆ ಒಯ್ದು ಗಂಡನ ಬಿಳಿ ಪಂಚೆಯ ಮೇಲೆ ಕೊಡವಿದೆ. ಪಂಚೆಯ ಮೇಲೆ ಸಾಸಿವೆ ಸಿಡಿದ ಹಾಗೆ ಹಾರಿದವು.

ಅಣ್ಣನಿಗೆ ನಡೆದದ್ದೆಲ್ಲ ಹೇಳಿದಾಗ ಅವನು ನಕ್ಕ. ‘ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳ್ದಂಗಾಯ್ತು. ಬುಡು, ಬೆಕ್ಕು ತಾನೆ’ ಅಂದ. ನನಗೆ ನಗು ಬರಲಿಲ್ಲ. ಕಂಬಳಿಯನ್ನು ಕುದಿಯುವ ನೀರಿಗೆ ಹಾಕಿದೆ. ಅದು ಸುರುಟಿಕೊಂಡು ಹಾಳಾಯಿತು. ಮನೆಯ ಮೂಲೆ ಮೂಲೆ ಗುಡಿಸಿ ಒರೆಸಿ, ಹಾಸಿಗೆಗಳನ್ನೆಲ್ಲ ಬಿಸಿಲಿಗೆ ಹಾಕಿ, ಆಪಾ ಮನೆಯ ಬಾಗಿಲು ತಟ್ಟಿದೆ.

ನಿಂತುಕೊಂಡೇ ಹೇಳಿದೆ. ‘ಆಪಾ, ಚಿಗಟ ನಮ್ಮನೇದು. ನಮ್ಮ ತವರಿನ ಕಂಬಳಿಯಿಂದ ಬಂದದ್ದು. ನಿಮ್ಮ ಬೆಕ್ಕಿನದಲ್ಲ. ತಪ್ಪಾಯ್ತು.’

ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಯಾರಿಗೂ ‘ತಪ್ಪಾಯ್ತು’ ಅಂದದ್ದು ನೆನಪಿಲ್ಲ. ಆಪಾ ಕೈ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡರು. ಸಿಟ್ಟು ಮಾಡಲಿಲ್ಲ. ಹೋಗಲಿ ಬಿಡಿ ಅಂತಲೂ ಅನ್ನಲಿಲ್ಲ. ‘ಭಾನುವಾರ ಬೇಗೂರಿಗೆ ಹೋಗನ’ ಅಂದರು, ಅಷ್ಟೇ.

ನಾವಿಬ್ಬರು, ಮಕ್ಕಳಿಬ್ಬರು, ಮುಚ್ಚಳವಿದ್ದ ಒಂದು ಬುಟ್ಟಿ, ಮೈಸೂರು ಬಸ್ಸು ಹತ್ತಿದೆವು. ಅಕ್ಕಿ ಅಂಗಡಿಯ ಮೂಟೆಗಳ ಹಿಂದೆ ಎಲ್ಲೋ ಅವಿತುಕೊಂಡಿದ್ದ ಬೆಕ್ಕು ಹುಡುಗಿಯ ದನಿ ಕೇಳಿದ್ದೇ ಹೊರಗೆ ಬಂತು. ‘ಕರ್ಕೊಂಡೋಗಿ. ಒಂದು ಇಲೀನೂ ಹಿಡೀಲಿಲ್ಲ, ಮೂರು ದಿನ ಹಾಲೂ ಕುಡೀಲಿಲ್ಲ’ ಅಂದರು ಆಪಾ ಅವರ ತಮ್ಮ. ಬೆಕ್ಕು ನನ್ನನ್ನು ಕಂಡು ಬೆನ್ನು ಡೊಂಕು ಮಾಡಿತು. ಅದಕ್ಕೇನು ಗೊತ್ತಿರುತ್ತದೆ, ಆದರೂ ನನಗೆ ಚುಚ್ಚಿತು.

ವಾಪಸ್ ಬರುವಾಗ ಹುಡುಗಿಯರು ಮುಂದಿನ ಸೀಟಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತರು. ನಾನು, ಆಪಾ ಹಿಂದೆ. ಬಸ್ಸು ಬೇಗೂರು ದಾಟಿತು. ಕೊನೆಗೆ ನಾನೇ ಕೇಳಿದೆ. ಕೇಳದೇ ಇರುವುದು ನನಗೆ ಬಾರದ ವಿದ್ಯೆ.

‘ಆಪಾ, ಬೆಕ್ಕಿನ ಮೈಯಲ್ಲಿ ಚಿಗಟ ಇದ್ಯಾ ಅಂತ ನೀವು ನೋಡಿರಲಿಲ್ವಾ?’

‘ನೋಡಿದ್ದೆ. ನೀವು ಕೇಳಿದ ಸಂಜೇನೇ. ನಾನು, ಮಗಳು ಇಬ್ರೂ ಕೂತು ತಲೆಯಿಂದ ಬಾಲದ ತನಕ ಬಾಚಿದ್ವಿ. ಒಂದೂ ಇರಲಿಲ್ಲ.’

‘ಮತ್ತೆ ನಂಗೆ ಯಾಕೆ ಹೇಳಲಿಲ್ಲ?’

ಆಪಾ ನನ್ನ ಕಡೆ ತಿರುಗಿದರು. ‘ಹೇಳಿದ್ರೆ ನಂಬ್ತಿದ್ರಾ ಅಕ್ಕ?’

ನಂಬುತ್ತಿದ್ದೆ ಅನ್ನಲು ಬಾಯಿ ತೆರೆದೆ. ಸುಳ್ಳು ಹೇಳುವವರ ಮುಖ ಹೇಗಿರುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆ ಮುಖವನ್ನು ಆಪಾಗೆ ತೋರಿಸಲು ನಾಚಿಕೆಯಾಯಿತು.

‘ಇಲ್ಲ’ ಎಂದೆ.

‘ಅದಕ್ಕೇ’ ಅಂದರು. ದನಿಯಲ್ಲಿ ಕೋಪವಿರಲಿಲ್ಲ. ‘ಬೆಕ್ಕಿರೋ ತನಕ ನೀವು ಮಗಳನ್ನ ನಮ್ಮನೆಗೆ ಕಳಿಸ್ತಿರಲಿಲ್ಲ. ಇವಳು ಊಟ ಬಿಟ್ಟು ಗೇಟ್ ಹತ್ರ ನಿಂತ್ಕೋತಿದ್ಲು. ಬೆಕ್ಕೂ ಬೇಕು, ಗೆಳತೀನೂ ಬೇಕು ಅಂದ್ರೆ ಆಗಲ್ಲಮ್ಮ, ಯಾವುದಾದ್ರೂ ಒಂದು ಬಿಡು ಅಂದೆ. ಒಂದು ದಿನವೆಲ್ಲ ಅತ್ತಳು. ಆಮೇಲೆ ಅವಳೇ ಬುಟ್ಟಿ ತಂದು ಬೆಕ್ಕನ್ನ ಅದರೊಳಗೆ ಕೂರಿಸಿದ್ಲು.’

ಮುಂದಿನ ಸೀಟಿನಲ್ಲಿ ಇಬ್ಬರೂ ಮುಚ್ಚಳದ ಸಂದಿಯಿಂದ ಬೆರಳು ಹಾಕಿ ಏನೋ ಪಿಸುಗುಟ್ಟುತ್ತಿದ್ದರು. ಆ ಹುಡುಗಿ ನನ್ನ ಕಡೆ ತಿರುಗಿ, ‘ಆಂಟಿ, ಮಲಗಿಬಿಡ್ತು’ ಎಂದು ನಕ್ಕಳು. ಗುಂಡ್ಲುಪೇಟೆ ಬರುವವರೆಗೂ ನನಗೆ ಅವಳ ಮುಖವನ್ನು ಮತ್ತೆ ನೋಡಲಾಗಲಿಲ್ಲ.